ಡಾ. ವಿಕ್ರಮ್ ಸಾರಾಭಾಯಿ : ಮೇಲಣ ಕಡಲಿನ ಅಲೆಗಳನ್ನು ಅರಸಿದವರು

ಭಟ್ಕಳ, ಹೊನ್ನಾವರ, ಕುಮಟೆಗಳ ಕಡಲತಡಿಯಲ್ಲಿ ಟ್ರಾನ್ಸಿಸ್ಟರ್ ರೇಡಿಯೋ ಮನೆಮನೆಗೂ ಬಂದ ಕಾಲವನ್ನು ಕಂಡ ಹಿರಿಯರಿಗೆ ಒಂದು ಅನುಭವ ಚೆನ್ನಾಗಿ ನೆನಪಿರಬೇಕು. ರಾತ್ರಿಯ ಹೊತ್ತು ಶಾರ್ಟ್ ವೇವಿನಲ್ಲಿ ರೇಡಿಯೋ ಸಿಲೋನಿನ ಹಾಡನ್ನು ಕೇಳುತ್ತ ಕುಳಿತಿರುವಾಗ, ಸೊಗಸಾಗಿ ಬರುತ್ತಿದ್ದ ದನಿ ಮೆಲ್ಲಮೆಲ್ಲನೆ ಕ್ಷೀಣಿಸಿ ದೂರ ಸರಿದಂತಾಗುವುದು. ಕೆಲ ಹೊತ್ತಿನ ಮೇಲೆ ತಾನೇ ತಾನಾಗಿ ಉಕ್ಕಿ ಬರುವುದು. ಕೆಲವರು ಪೆಟ್ಟಿಗೆಯನ್ನು ತಟ್ಟುತ್ತಿದ್ದರು, ಕೆಲವರು ಏರಿಯಲ್ ತಂತಿಯನ್ನು ಅತ್ತಿತ್ತ ತಿರುಗಿಸುತ್ತಿದ್ದರು. ದೋಷ ಪೆಟ್ಟಿಗೆಯದೂ ಅಲ್ಲ, ತಂತಿಯದೂ ಅಲ್ಲ. ಕೊಲಂಬೊದಿಂದ ಹೊರಟ ರೇಡಿಯೋ ತರಂಗವು ನಡುದಾರಿಯಲ್ಲಿ, ಕೇರಳದ ಬೆಟ್ಟಗಳಿಂದ ನೂರಾರು ಕಿಲೋಮೀಟರ್ ಎತ್ತರದ ಆಕಾಶಕ್ಕೆ ತಾಗಿ, ಅಲ್ಲಿಂದ ಬಾಗಿ ನಮ್ಮ ಕರಾವಳಿಗೆ ಇಳಿಯುತ್ತಿತ್ತು. ಅದನ್ನು ಬಾಗಿಸುವ ಆ ಕಾಣದ ಚಾವಣಿ ಸ್ತಬ್ಧವಾದುದಲ್ಲ. ಅದು ಕಡಲಿನಂತೆ ಏಳುತ್ತದೆ, ಬೀಳುತ್ತದೆ. ಅದರ ಮೇಲೂ ಅಲೆಗಳು ಸಾಗುತ್ತವೆ. ದನಿಯ ಏರಿಳಿತಕ್ಕೆ ಇದೊಂದು ಮುಖ್ಯ ಕಾರಣ.

ಈ ಮೇಲಣ ಕಡಲನ್ನು ಅಳೆಯುವ ಸಾಧನಸಾಮಗ್ರಿಗಳನ್ನೂ ಅಳೆಯಬಲ್ಲ ತರುಣರನ್ನೂ ನಮ್ಮ ದೇಶದಲ್ಲಿ ಸಿದ್ಧಗೊಳಿಸಿದವರಲ್ಲಿ ಡಾ. ವಿಕ್ರಮ್ ಅಂಬಾಲಾಲ್ ಸಾರಾಭಾಯಿ ಅವರ ಹೆಸರು ಅಗ್ರಗಣ್ಯವಾದುದು. ಉಪಗ್ರಹಗಳ ಜನಕರೆಂದು ಅವರನ್ನು ಎಲ್ಲರೂ ಬಲ್ಲರು. ಉಪಗ್ರಹಕ್ಕೆ ಮೊದಲು ಅವರ ದೃಷ್ಟಿ ನೆಟ್ಟಿದ್ದುದು ವಾಯುಮಂಡಲದ ತುತ್ತತುದಿಯ ಮೇಲೆ ಎಂಬುದನ್ನು ಬಲ್ಲವರು ಅಷ್ಟಾಗಿ ಇಲ್ಲ.

ಸಾರಾಭಾಯಿ ಅವರು ೧೯೧೯ರ ಆಗಸ್ಟ್ ೧೨ರಂದು ಅಹಮದಾಬಾದಿನಲ್ಲಿ ಜನಿಸಿದರು. ತಂದೆ ಅಂಬಾಲಾಲ್ ಸಾರಾಭಾಯಿ ಹೆಸರಾಂತ ಬಟ್ಟೆ ಗಿರಣಿಯ ಒಡೆಯರು, ತಾಯಿ ಸರಳಾದೇವಿ. ಎಂಟು ಮಕ್ಕಳ ತುಂಬು ಸಂಸಾರ. ತಮ್ಮ ಮಕ್ಕಳಿಗಾಗಿ ಆ ತಾಯಿ ಮನೆಯಲ್ಲಿಯೇ ಮಾಂಟೆಸರಿ ಪದ್ಧತಿಯ ಶಾಲೆಯನ್ನು ತೆರೆದರು. ಸಿರಿವಂತರ ಮನೆಯಾದರೂ ಅದು ಕೇವಲ ಸಿರಿಯ ಮನೆಯಾಗಿರಲಿಲ್ಲ. ೧೯೧೮ರಲ್ಲಿ ಗಿರಣಿ ಕಾರ್ಮಿಕರು ಗಾಂಧೀಜಿಯವರ ನೇತೃತ್ವದಲ್ಲಿ ಮುಷ್ಕರ ಹೂಡಿದಾಗ, ಅಂಬಾಲಾಲರ ಸ್ವಂತ ಸೋದರಿ ಅನಸೂಯಾ ಅವರು ತಮ್ಮನಿಗೆ ಎದುರಾಗಿ ಕಾರ್ಮಿಕರ ಪಕ್ಷದಲ್ಲಿ ನಿಂತರು. ಆದರೂ ಆ ಮನೆ ಒಡೆಯಲಿಲ್ಲ. ಮುಂದೆ ಸಾರಾಭಾಯಿ ಅವರು ಮಂತ್ರಿಗಳೊಡನೆ, ವಿದೇಶೀ ವಿಜ್ಞಾನಿಗಳೊಡನೆ, ಬೆಸ್ತರ ಹಳ್ಳಿಯ ಜನರೊಡನೆ ಒಂದೇ ಸಮಾಧಾನದಿಂದ ವ್ಯವಹರಿಸಬಲ್ಲವರಾದುದಕ್ಕೆ ಈ ಮನೆಯ ಸಂಸ್ಕಾರವೇ ಮೂಲವೆಂದು ತೋರುತ್ತದೆ.

ಗುಜರಾತ್ ಕಾಲೇಜಿನ ವ್ಯಾಸಂಗದ ತರುವಾಯ ಅವರು ಇಂಗ್ಲೆಂಡಿನ ಕೇಂಬ್ರಿಡ್ಜಿಗೆ ತೆರಳಿ, ಸೇಂಟ್ ಜಾನ್ಸ್ ಕಾಲೇಜಿನಲ್ಲಿ ಪ್ರಕೃತಿ ವಿಜ್ಞಾನಗಳ ಪದವಿಯನ್ನು ಪಡೆದರು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಮೊದಲಾಯಿತು. ತಾಯ್ನಾಡಿಗೆ ಮರಳಿದ ತರುಣನನ್ನು ಬರಮಾಡಿಕೊಂಡದ್ದು ಬೆಂಗಳೂರು. ಅಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸರ್ ಸಿ. ವಿ. ರಾಮನ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಲು ಅವರಿಗೆ ಅವಕಾಶ ದೊರೆಯಿತು. ಯುದ್ಧದ ಕಾರಣದಿಂದಲೇ ತಾಯ್ನಾಡಿನಲ್ಲಿ ಉಳಿದ ಹೋಮಿ ಭಾಭಾ ಅವರೂ ಅದೇ ಸಂಸ್ಥೆಯಲ್ಲಿದ್ದರು. ದೇಶದ ಅಣುಶಕ್ತಿಗೂ ಅಂತರಿಕ್ಷಕ್ಕೂ ಅಡಿಪಾಯ ಹಾಕಲಿದ್ದ ಇಬ್ಬರು ಹೀಗೆ ಕನ್ನಡನಾಡಿನ ಒಂದೇ ಅಂಗಳದಲ್ಲಿ ಕಲೆತರು. ನೃತ್ಯಕಲಾವಿದೆ ಮೃಣಾಲಿನಿ ಸ್ವಾಮಿನಾಥನ್ ಅವರ ಪರಿಚಯ ಬೆಳೆದದ್ದೂ ಬೆಂಗಳೂರಿನಲ್ಲಿಯೇ. ೧೯೪೨ರಲ್ಲಿ ಅವರ ವಿವಾಹವಾಯಿತು.

ಬೆಂಗಳೂರಿನಲ್ಲಿ ಸಾರಾಭಾಯಿ ಅವರು ಆರಿಸಿಕೊಂಡ ವಿಷಯ ವಿಶ್ವಕಿರಣಗಳು. ಅಂತರಿಕ್ಷದ ಆಳದಿಂದ ಭೂಮಿಯ ಮೇಲೆ ಹಗಲಿರುಳೂ ಸುರಿಯುವ ಈ ಕಣಗಳು ಗೈಗರ್ ಗಣಕಗಳಲ್ಲಿ ಒಂದೊಂದಾಗಿ ಎಣಿಕೆಗೆ ಸಿಕ್ಕುತ್ತವೆ. ಅವುಗಳ ಒಟ್ಟು ಮೊತ್ತಕ್ಕಿಂತ, ಮೊತ್ತವು ಗಳಿಗೆ ಗಳಿಗೆಗೆ ಹೇಗೆ ಏರಿಳಿಯುವುದೆಂಬ ಸಂಗತಿ ಅವರ ಕುತೂಹಲವನ್ನು ಕೆರಳಿಸಿತು. ವಿಶ್ವಕಿರಣಗಳು ಕಾಲಕ್ರಮದಲ್ಲಿ ಹಂಚಿಹೋಗುವ ಬಗೆಯನ್ನು ಕುರಿತ ಅವರ ಮೊದಲ ಪ್ರಬಂಧ ೧೯೪೨ರಲ್ಲಿ ಪ್ರಕಟವಾಯಿತು. ಮುಂದಿನ ವರ್ಷ ಉಪಕರಣಗಳನ್ನು ಕಾಶ್ಮೀರದ ಎತ್ತರದ ಬೆಟ್ಟಗಳಿಗೆ ಹೊತ್ತೊಯ್ದು ಅಲ್ಲಿಯೂ ಎಣಿಕೆ ನಡೆಸಿದರು. ಯುದ್ಧ ಮುಗಿದ ಮೇಲೆ ೧೯೪೫ರಲ್ಲಿ ಮತ್ತೆ ಕೇಂಬ್ರಿಡ್ಜಿಗೆ ಹೋಗಿ, ಉಷ್ಣವಲಯದ ವಿಶ್ವಕಿರಣಗಳನ್ನು ಕುರಿತ ಮಹಾಪ್ರಬಂಧಕ್ಕೆ ೧೯೪೭ರಲ್ಲಿ ಡಾಕ್ಟರೇಟ್ ಪಡೆದರು. ಸ್ಥಿರವೆಂದು ತೋರುವುದರಲ್ಲಿ ಸಣ್ಣ ಏರಿಳಿತವನ್ನು ಹುಡುಕಿ, ಅದರಿಂದ ದೂರದ ಕಾರಣವನ್ನು ಅರಿಯುವುದು ಅವರ ಬುದ್ಧಿಯ ಸ್ವಭಾವವೇ ಆಗಿತ್ತು.

ಸ್ವಾತಂತ್ರ್ಯ ಬಂದ ಮೂರು ತಿಂಗಳೊಳಗೆ, ೧೯೪೭ರ ನವೆಂಬರ್ ೧೧ರಂದು, ಅವರು ಅಹಮದಾಬಾದಿನಲ್ಲಿ ಭೌತ ಸಂಶೋಧನಾಲಯವನ್ನು ಸ್ಥಾಪಿಸಿದರು. ಆಗ ಅವರಿಗೆ ಇಪ್ಪತ್ತೆಂಟು ವರ್ಷ. ಮಹಾತ್ಮಾ ಗಾಂಧಿ ವಿಜ್ಞಾನ ಮಂದಿರದ ಒಂದೆರಡು ಕೋಣೆಗಳೇ ಅದರ ಆಸ್ತಿ. ಹೆತ್ತವರು ಸ್ಥಾಪಿಸಿದ್ದ ಕರ್ಮಕ್ಷೇತ್ರ ಪ್ರತಿಷ್ಠಾನದ ಮತ್ತು ಅಹಮದಾಬಾದ್ ಎಜುಕೇಷನ್ ಸೊಸೈಟಿಯ ನೆರವೇ ಮೂಲಧನ. ಸರ್ಕಾರದ ಅನುದಾನಕ್ಕೆ ಕಾದು ಕುಳಿತಿದ್ದರೆ ಆ ಸಂಸ್ಥೆ ಎಷ್ಟು ವರ್ಷ ತಡವಾಗುತ್ತಿತ್ತೋ ಹೇಳಲಾಗದು. ದಾನಿಗಳ ಹಣ ಮೊದಲು ಬಂದು ಕೆಲಸ ಕಣ್ಣಿಗೆ ಕಂಡ ಮೇಲೆ ಸರ್ಕಾರ ಕೈಜೋಡಿಸಿತು. ರಾಮನ್ ಅವರ ಶಿಷ್ಯರೂ ಹವಾಮಾನ ಇಲಾಖೆಯಲ್ಲಿ ಹೆಸರು ಗಳಿಸಿದವರೂ ಆದ ಡಾ. ಕೆ. ಆರ್. ರಾಮನಾಥನ್ ಮೊದಲ ನಿರ್ದೇಶಕರಾದರು. ತಾವು ಕಟ್ಟಿದ ಸಂಸ್ಥೆಗೆ ತಮಗಿಂತ ಇಪ್ಪತ್ತಾರು ವರ್ಷ ಹಿರಿಯರಾದವರನ್ನು ಮುಖ್ಯಸ್ಥರನ್ನಾಗಿ ಕರೆತಂದು ತಾವು ಪ್ರಾಧ್ಯಾಪಕರಾಗಿ ಉಳಿದದ್ದು ಸಣ್ಣ ಮಾತಲ್ಲ. ಕಟ್ಟಡಕ್ಕೆ ೧೯೫೨ರಲ್ಲಿ ರಾಮನ್ ಅವರು ಶಂಕುಸ್ಥಾಪನೆ ಮಾಡಿದರು. ೧೯೫೪ರಲ್ಲಿ ಪ್ರಧಾನಿ ನೆಹರೂ ಅದನ್ನು ಉದ್ಘಾಟಿಸಿದರು.

ವಿಶ್ವಕಿರಣಗಳ ವಿಭಾಗ ಸಾರಾಭಾಯಿ ಅವರದು, ವಾಯುಮಂಡಲದ ವಿಭಾಗ ರಾಮನಾಥನ್ ಅವರದು. ಎರಡನೆಯದರ ಒಂದು ಪ್ರಮುಖ ವಿಷಯವೇ ಅಯಾನುಗೋಳ. ಇದನ್ನು ಕುರಿತು ಇಲ್ಲಿ ಕೊಂಚ ವಿವರಿಸದೆ ಮುಂದೆ ಹೋಗುವಂತಿಲ್ಲ.

ನೆಲದಿಂದ ಸುಮಾರು ೬೦ ಕಿಲೋಮೀಟರ್ ಎತ್ತರದಲ್ಲಿ ಆರಂಭವಾಗಿ ಸಾವಿರ ಕಿಲೋಮೀಟರ್‌ವರೆಗೂ ಹಬ್ಬಿದ ತೆಳುವಾದ ಗಾಳಿಯ ಮೇಲೆ ಸೂರ್ಯನ ಅತಿನೇರಳೆ ಕಿರಣಗಳೂ ಕ್ಷ-ಕಿರಣಗಳೂ ಬಿದ್ದು ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಳಚುತ್ತವೆ. ವಿದ್ಯುದಂಶವುಳ್ಳ ಈ ಪದರವೇ ಅಯಾನುಗೋಳ. ಅದರ ಕೆಳಗಿನ ಗಾಳಿಯಲ್ಲಿ ಏಳುವ ಕದಡು ಮೇಲೇರುತ್ತ ಹೋದಂತೆ, ಗಾಳಿ ತೆಳುವಾಗುವುದರಿಂದ, ಅಲೆಯ ಎತ್ತರ ಹೆಚ್ಚುತ್ತದೆ. ದೊಡ್ಡ ಗುಡುಗುಮಳೆ, ಬೆಟ್ಟಸಾಲನ್ನು ಹಾಯುವ ಬಿರುಗಾಳಿ, ಭೂಕಂಪ, ಜ್ವಾಲಾಮುಖಿ, ಧ್ರುವಪ್ರದೇಶದ ಕಾಂತೀಯ ಬಿರುಗಾಳಿ, ಇವೆಲ್ಲವೂ ಇಂತಹ ಅಲೆಗಳನ್ನು ಎಬ್ಬಿಸಬಲ್ಲವು. ಮಧ್ಯಮ ಗಾತ್ರದವುಗಳ ಉದ್ದ ನೂರಿನಿಂದ ಕೆಲವು ನೂರು ಕಿಲೋಮೀಟರ್. ಒಂದು ಅಲೆ ದಾಟಲು ಕಾಲು ಗಂಟೆಯಿಂದ ಒಂದು ಗಂಟೆಯವರೆಗೆ ಹಿಡಿಯುತ್ತದೆ. ಧ್ರುವದ ಕಡೆಯಿಂದ ಬರುವ ಹಿರಿಯ ಅಲೆಗಳು ಸಾವಿರ ಕಿಲೋಮೀಟರಿಗೂ ಉದ್ದವಾದವು. ಆಸ್ಟ್ರೇಲಿಯದ ಜಾರ್ಜ್ ಮನ್ರೋ ಇಂತಹ ಸಂಚಾರೀ ಕದಡುಗಳನ್ನು ವರ್ಷಾನುಗಟ್ಟಲೆ ದಾಖಲಿಸಿದರು; ಕೆನಡದ ಕಾಲಿನ್ ಹೈನ್ಸ್ ೧೯೬೦ರಲ್ಲಿ ಅವು ಗಾಳಿಯ ಗುರುತ್ವ ತರಂಗಗಳ ಪರಿಣಾಮವೆಂದು ವಿವರಿಸಿದರು. ಐನ್‌ಸ್ಟೈನ್ ಹೇಳಿದ ಗುರುತ್ವದ ಅಲೆಗಳೇ ಬೇರೆ. ಇವು ಮೇಲೆದ್ದ ಗಾಳಿಯನ್ನು ಭೂಮಿಯ ಸೆಳೆತ ಕೆಳಕ್ಕೆಳೆಯುವುದರಿಂದ ಹುಟ್ಟುವ ತೂಗಾಟಗಳು. ನೀರಿನ ಅಲೆಯ ನೆಂಟರು. ಈ ಸಿದ್ಧಾಂತದ ಕೀರ್ತಿ ಸಾರಾಭಾಯಿ ಅವರಿಗೆ ಸಲ್ಲತಕ್ಕದ್ದಲ್ಲ.

ಕಾಣದ ಅಲೆಯ ವೇಗವನ್ನು ಅಳೆಯುವುದೆಂತು? ಭಟ್ಕಳದಲ್ಲಿ ಒಂದು, ಹೊನ್ನಾವರದಲ್ಲಿ ಒಂದು, ಕುಮಟೆಯಲ್ಲಿ ಒಂದು ರೇಡಿಯೋ ಗ್ರಾಹಕವನ್ನಿಟ್ಟು ಮೇಲಣ ಅಯಾನುಗೋಳವನ್ನು ನಿಟ್ಟಿಸುತ್ತಿರುವುದಾಗಿ ಓದುಗರು ಭಾವಿಸಿಕೊಳ್ಳಲಿ. ಅಲೆಯೊಂದು ದಕ್ಷಿಣದಿಂದ ಉತ್ತರಕ್ಕೆ ಸೆಕೆಂಡಿಗೆ ೧೫೦ ಮೀಟರ್ ವೇಗದಲ್ಲಿ ಬಂದರೆ, ಭಟ್ಕಳದಲ್ಲಿ ಕಂಡ ಏರಿಳಿತ ೩೫ ಕಿಲೋಮೀಟರ್ ದೂರದ ಹೊನ್ನಾವರದಲ್ಲಿ ಸುಮಾರು ನಾಲ್ಕು ನಿಮಿಷ ತಡವಾಗಿ, ಕುಮಟೆಯಲ್ಲಿ ಮತ್ತೆ ಎರಡು ನಿಮಿಷ ತಡವಾಗಿ ಕಾಣುವುದು. ಆದರೆ ಈ ಮೂರೂ ಊರುಗಳು ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿವೆ. ಕಡಲಿನಿಂದ ಘಟ್ಟದ ಕಡೆಗೆ ಓರೆಯಾಗಿ ಸಾಗುವ ಅಲೆಯ ದಿಕ್ಕು ಇದರಿಂದ ತಿಳಿಯದು. ಅದಕ್ಕೆ ಘಟ್ಟದ ಮೇಲೆ ಸಿದ್ದಾಪುರದಂತಹ ಎಡೆಯಲ್ಲಿ ಇನ್ನೊಂದು ಗ್ರಾಹಕ ಬೇಕು. ಒಂದಕ್ಕೊಂದು ದೂರವಿರುವ ಗ್ರಾಹಕಗಳಲ್ಲಿ ಕಾಲದ ಅಂತರವನ್ನು ನೋಡುವ ಈ ತತ್ತ್ವವನ್ನೇ, ಬೇರೆ ಬೇರೆ ಅಳತೆಯ ಅಂತರಗಳಲ್ಲಿ, ಅಯಾನುಗೋಳದ ಚಲನೆಯನ್ನು ಅರಿಯಲು ಬಳಸುತ್ತಾರೆ.

ಭೂಪಟದ ಒಂದು ಸೊಗಸನ್ನೂ ಇಲ್ಲಿ ಗಮನಿಸಬೇಕು. ಆ ವರ್ಷಗಳಲ್ಲಿ ಭೂಮಿಯ ಕಾಂತೀಯ ಸಮಭಾಜಕ ರೇಖೆ ಕೇರಳದ ತಿರುವನಂತಪುರದ ಸಮೀಪದಲ್ಲಿಯೇ ಹಾದುಹೋಗುತ್ತಿತ್ತು. ಆ ರೇಖೆಯ ಮೇಲೆ, ಸುಮಾರು ೧೦೫ ಕಿಲೋಮೀಟರ್ ಎತ್ತರದಲ್ಲಿ, ಹಗಲು ಹೊತ್ತು ಪ್ರಬಲವಾದ ವಿದ್ಯುತ್ ಪ್ರವಾಹವೊಂದು ಪೂರ್ವದ ಕಡೆಗೆ ಹರಿಯುತ್ತದೆ. ಅದೇ ರೇಖೆಯ ಮೇಲೆ ಅಯಾನುಗೋಳದ ಎಲೆಕ್ಟ್ರಾನುಗಳು ಕಾರಂಜಿಯಂತೆ ಮೇಲಕ್ಕೆ ಚಿಮ್ಮಿ, ಕಾಂತರೇಖೆಗಳ ಹಾದಿ ಹಿಡಿದು ಉತ್ತರ ದಕ್ಷಿಣಗಳಿಗೆ ಬಾಗಿ ಇಳಿಯುತ್ತವೆ. ಉತ್ತರದ ಕಡೆ ಅವು ಇಳಿದು ರಾಶಿಗೊಳ್ಳುವುದು ಅಹಮದಾಬಾದಿನ ಸುತ್ತಿನ ಆಕಾಶದಲ್ಲಿ. ಕಾರಂಜಿಯ ಬುಡ ಕೇರಳದಲ್ಲಿ, ನೀರು ಬೀಳುವ ಎಡೆ ಗುಜರಾತಿನಲ್ಲಿ. ಅದರ ಕಮಾನು ಹಾಯುವುದು ಉತ್ತರ ಕನ್ನಡದ ಕರಾವಳಿಯ ನೆತ್ತಿಯ ಮೇಲೆ. ಕುಮಟೆಯಿಂದ ದಕ್ಷಿಣದ ತುದಿಗೆ ಸುಮಾರು ೭೦೦ ಕಿಲೋಮೀಟರ್, ಉತ್ತರದ ತುದಿಗೆ ಸಾವಿರಕ್ಕೆ ತುಸು ಕಡಿಮೆ. ಸಾರಾಭಾಯಿ ಅವರ ಬದುಕೆಲ್ಲ ಈ ಎರಡು ತುದಿಗಳ ನಡುವೆ ಓಡಾಡುವುದರಲ್ಲಿಯೇ ಕಳೆಯಿತು.

ಬಲೂನುಗಳು ಅಷ್ಟು ಎತ್ತರಕ್ಕೆ ಏರಲಾರವು. ಉಪಗ್ರಹಗಳು ಅಷ್ಟು ತಗ್ಗಿನಲ್ಲಿ ನಿಲ್ಲಲಾರವು. ನಡುವಣ ಆ ಪ್ರದೇಶವನ್ನು ಮುಟ್ಟಲು ಶೋಧ ರಾಕೆಟ್ಟೊಂದೇ ಮಾರ್ಗ. ೧೯೬೨ರಲ್ಲಿ ಸಾರಾಭಾಯಿ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಅಂತರಿಕ್ಷ ಸಂಶೋಧನಾ ಸಮಿತಿ ರಚಿತವಾಯಿತು. ರಾಕೆಟ್ ನೆಲೆಗಾಗಿ ಕೇರಳದ ತೀರದಲ್ಲಿ ಹುಡುಕಾಟ ನಡೆದು ತುಂಬಾ ಎಂಬ ಬೆಸ್ತರ ಹಳ್ಳಿ ಆಯ್ಕೆಯಾಯಿತು. ಆ ನೆಲದ ನಡುವೆ ಸಂತ ಮೇರಿ ಮಗ್ದಲೇನರ ಇಗರ್ಜಿ ಇತ್ತು, ಬಿಷಪ್ಪರ ನಿವಾಸವಿತ್ತು, ತಲೆಮಾರುಗಳಿಂದ ಕಡಲನ್ನು ನಂಬಿ ಬಾಳಿದ ಮನೆಗಳಿದ್ದವು. ಸಾರಾಭಾಯಿ ಅವರು ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರನ್ನು ಕಂಡು ತಮ್ಮ ಅಗತ್ಯವನ್ನು ನಿವೇದಿಸಿದರು. ಬಿಷಪ್ಪರು ಒಡನೆಯೇ ಉತ್ತರ ಕೊಡಲಿಲ್ಲ. ಭಾನುವಾರದ ಪ್ರಾರ್ಥನೆಯ ವೇಳೆ ಸಂಗತಿಯನ್ನು ಸಭೆಯ ಮುಂದಿಟ್ಟರು. ಜನ ಒಪ್ಪಿದರು. ಇಗರ್ಜಿ ಕಚೇರಿಯಾಯಿತು, ಊರಿನವರಿಗೆ ಬೇರೆಡೆ ಮನೆಗಳೂ ಹೊಸ ಇಗರ್ಜಿಯೂ ಎದ್ದವು.

ಈ ಪ್ರಸಂಗವನ್ನು ಸಾಮಾನ್ಯವಾಗಿ ವಿಜ್ಞಾನ ಮತ್ತು ಧರ್ಮಗಳ ಮೈತ್ರಿಗೆ ದೃಷ್ಟಾಂತವಾಗಿ ಹೇಳುತ್ತಾರೆ. ಅದು ನಿಜವೇ. ಆದರೆ ಶರಾವತಿಯ ಅಣೆಕಟ್ಟಿಗೂ ಕಾರವಾರ ಅಂಕೋಲೆಗಳ ನೌಕಾನೆಲೆಗೂ ಮನೆಮಠಗಳನ್ನು ಬಿಟ್ಟುಕೊಟ್ಟ ಜನರನ್ನು ಕಂಡ ಈ ಜಿಲ್ಲೆಯವರಿಗೆ ಅದರ ಇನ್ನೊಂದು ಮುಖವೂ ಕಾಣದಿರದು. ಬೆಸ್ತನಿಗೆ ದಡವೆಂದರೆ ಬರಿಯ ನೆಲವಲ್ಲ; ಅವನ ದೋಣಿ ನಿಲ್ಲುವ ಎಡೆ, ಬಲೆ ಒಣಗುವ ಎಡೆ. ತುಂಬಾದ ಜನ ಕೊಟ್ಟದ್ದು ಏನೆಂಬುದನ್ನು ಸಾರಾಭಾಯಿ ಅವರು ಬಲ್ಲವರಾಗಿದ್ದರೆಂಬುದಕ್ಕೆ, ಅಧಿಕಾರದ ಆಜ್ಞೆಯಿಂದಲ್ಲದೆ ಕೇಳಿ ಪಡೆದ ಆ ರೀತಿಯೇ ಸಾಕ್ಷಿ.

೧೯೬೩ರ ನವೆಂಬರ್ ೨೧ರ ಸಂಜೆ ತುಂಬಾದಿಂದ ಮೊದಲ ರಾಕೆಟ್ ಮೇಲೇರಿತು. ರಾಕೆಟ್ ಅಮೆರಿಕದ ನೈಕಿ-ಅಪಾಚಿ. ಅದರ ತಲೆಯಲ್ಲಿದ್ದ ಸೋಡಿಯಂ ಆವಿಯ ಸಾಧನ ಫ್ರಾನ್ಸಿನದು. ಸೋವಿಯತ್ ಒಕ್ಕೂಟದ ನೆರವೂ ಈ ನೆಲೆಗೆ ಒದಗಿತು. ಶೀತಲ ಸಮರದ ಆ ದಿನಗಳಲ್ಲಿ ಪರಸ್ಪರ ಮುಖ ನೋಡದ ರಾಷ್ಟ್ರಗಳನ್ನು ಒಂದು ಬೆಸ್ತರ ಹಳ್ಳಿಗೆ ಕರೆತಂದದ್ದು ಸಾರಾಭಾಯಿ ಅವರ ಜಾಣ್ಮೆ. ರಾಕೆಟ್ಟಿನ ಬಿಡಿಭಾಗಗಳನ್ನು ಸೈಕಲ್ಲಿನ ಮೇಲೆ ಸಾಗಿಸಿದ ಚಿತ್ರಗಳನ್ನು ಇಂದಿಗೂ ಕಾಣಬಹುದು. ಎತ್ತುವ ಯಂತ್ರ ಕೈಕೊಟ್ಟಾಗ ತರುಣ ಎಂಜಿನಿಯರುಗಳು ಅದನ್ನು ಕೈಯಿಂದಲೇ ನೆಟ್ಟಗೆ ನಿಲ್ಲಿಸಿದರು. ಮುಂದೆ ರಾಷ್ಟ್ರಪತಿಗಳಾದ ಅಬ್ದುಲ್ ಕಲಾಂ ಅವರು ಆ ಗುಂಪಿನಲ್ಲಿದ್ದರು.

ಕತ್ತಲು ಕವಿಯುವ ಹೊತ್ತಿಗೆ ಕಡಲತಡಿಯ ಜನರ ಕಣ್ಣಿಗೆ ಬಾನಿನಲ್ಲಿ ಕಿತ್ತಳೆ ಬಣ್ಣದ ಹೊಗೆಯ ಗೆರೆಯೊಂದು ಕಂಡಿತು. ನೆಲದಲ್ಲಿ ಕತ್ತಲಾದರೂ ಅಷ್ಟು ಎತ್ತರದಲ್ಲಿ ಸೂರ್ಯನ ಬೆಳಕು ಇನ್ನೂ ಬೀಳುತ್ತಿದ್ದುದರಿಂದ ಸೋಡಿಯಂ ಹೊಳೆಯಿತು. ಇಂತಹ ಗೆರೆ ನೆಟ್ಟಗೆ ಉಳಿಯುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಒಂದೊಂದು ಎತ್ತರದಲ್ಲಿ ಒಂದೊಂದು ಕಡೆಗೆ ಬಾಗಿ ಹಾವಿನಂತೆ ಸುತ್ತಿಕೊಳ್ಳುತ್ತದೆ. ಒಂದು ಮಟ್ಟದಲ್ಲಿ ಗಾಳಿ ಪೂರ್ವಕ್ಕೆ ಬೀಸಿದರೆ ಹತ್ತಾರು ಕಿಲೋಮೀಟರ್ ಮೇಲೆ ಪಶ್ಚಿಮಕ್ಕೆ ಬೀಸುವುದುಂಟು. ಮೇಲಣ ಗಾಳಿಯ ಅಲೆಗಳು ಬರಿಗಣ್ಣಿಗೆ ಕಾಣುವಂತೆ ಬರೆದುಕೊಳ್ಳುವ ರೀತಿ ಇದು. ಬಳಿಕ ಭೌತ ಸಂಶೋಧನಾಲಯದವರು ಎಲೆಕ್ಟ್ರಾನುಗಳನ್ನು ನೇರವಾಗಿ ಅಳೆಯುವ ಲ್ಯಾಂಗ್ಮ್ಯೂರ್ ಶೋಧಕಗಳನ್ನು ತುಂಬಾದಿಂದ ಹಾರಿಸಿ, ವಿದ್ಯುತ್ ಪ್ರವಾಹದ ಆ ಪದರದಲ್ಲಿ ಮೀಟರುಗಳಷ್ಟು ಸಣ್ಣ ತರಂಗಗಳಿಂದ ಕಿಲೋಮೀಟರುಗಳಷ್ಟು ದೊಡ್ಡವುಗಳವರೆಗೆ ಕಂಡುಹಿಡಿದರು. ೧೯೬೮ರ ಫೆಬ್ರವರಿ ೨ರಂದು ಪ್ರಧಾನಿ ಇಂದಿರಾ ಗಾಂಧಿ ತುಂಬಾ ನೆಲೆಯನ್ನು ವಿಶ್ವಸಂಸ್ಥೆಗೆ ಸಮರ್ಪಿಸಿದರು.

ಬಡದೇಶಕ್ಕೆ ರಾಕೆಟ್ಟೇಕೆ ಎಂದು ಕೇಳಿದವರು ಆಗ ಬಹಳ. ಬರಗಾಲದ, ಯುದ್ಧದ, ಧಾನ್ಯದ ಕೊರತೆಯ ವರ್ಷಗಳವು, ಪ್ರಶ್ನೆ ಅನ್ಯಾಯದ್ದಾಗಿರಲಿಲ್ಲ. ಸಾರಾಭಾಯಿ ಅವರು ಅದಕ್ಕೆ ಕೆಲಸದಿಂದಲೇ ಉತ್ತರ ಕೊಡಬಯಸಿದರು. ಅಮೆರಿಕದ ಉಪಗ್ರಹವೊಂದನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು, ರಸ್ತೆಯೂ ಕಾಣದ ಹಳ್ಳಿಗಳಿಗೆ ನೇರವಾಗಿ ಶಿಕ್ಷಣದ ಟೆಲಿವಿಷನ್ ತರುವ ಒಪ್ಪಂದವನ್ನು ೧೯೬೯ರಲ್ಲಿ ಮಾಡಿಕೊಂಡರು. ಅದೇ ವರ್ಷ ಆಗಸ್ಟ್ ೧೫ರಂದು ಭಾರತೀಯ ಅಂತರಿಕ್ಷ ಸಂಶೋಧನಾ ಸಂಸ್ಥೆ ಅಸ್ತಿತ್ವಕ್ಕೆ ಬಂದಿತು.

ಆ ಹೊತ್ತಿಗೆ ಅವರ ಹೆಗಲ ಮೇಲಿದ್ದ ಹೊರೆ ಒಬ್ಬ ಮನುಷ್ಯ ಹೊರತಕ್ಕದ್ದಾಗಿರಲಿಲ್ಲ. ೧೯೬೬ರ ಜನವರಿಯಲ್ಲಿ ಭಾಭಾ ವಿಮಾನ ಅಪಘಾತದಲ್ಲಿ ತೀರಿಕೊಂಡ ಮೇಲೆ ಅಣುಶಕ್ತಿ ಆಯೋಗದ ಅಧ್ಯಕ್ಷಸ್ಥಾನವೂ ಅವರದಾಯಿತು. ಅವರು ಹುಟ್ಟುಹಾಕಿದ್ದ ಜವಳಿ ಸಂಶೋಧನಾ ಸಂಘ, ಅಹಮದಾಬಾದಿನ ಆಡಳಿತ ನಿರ್ವಹಣಾ ಸಂಸ್ಥೆ, ಮಕ್ಕಳಿಗಾಗಿ ತೆರೆದ ಸಮುದಾಯ ವಿಜ್ಞಾನ ಕೇಂದ್ರ ಎಲ್ಲವೂ ಅವರ ಕಣ್ಣೋಟವನ್ನು ಬೇಡುತ್ತಿದ್ದವು. ವಿಶ್ವಕಿರಣಗಳ ಸಂಶೋಧನೆಗೆ ಉಳಿಯುತ್ತಿದ್ದುದು ತುಣುಕು ಸಮಯ. ಕೆಲಸವನ್ನು ಇತರರಿಗೆ ಹಂಚಿ ತಾವು ಹಗುರಾಗುವ ವಿದ್ಯೆ ಅವರಿಗೆ ಕೊನೆಯವರೆಗೂ ಸಿದ್ಧಿಸಲಿಲ್ಲವೆಂದೇ ಹೇಳಬೇಕು. ಆದರೆ ಶಿಷ್ಯರನ್ನು ಬೆಳೆಸುವುದರಲ್ಲಿ ಅವರು ಜಿಪುಣರಾಗಿರಲಿಲ್ಲ. ಭಟ್ಕಳದಿಂದ ದಕ್ಷಿಣಕ್ಕೆ ಇದೇ ಕರಾವಳಿಯ ಉಡುಪಿ ಸೀಮೆಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರು ಅಹಮದಾಬಾದಿಗೆ ಹೋಗಿ ಸಾರಾಭಾಯಿ ಅವರ ಬಳಿ ವಿಶ್ವಕಿರಣಗಳಲ್ಲಿ ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದರು. ಅಮೆರಿಕದಲ್ಲಿ ಹೆಸರು ಗಳಿಸಿ ಮರಳಿ ಬಂದರು.

೧೯೭೧ರ ಡಿಸೆಂಬರ್ ಕೊನೆಯಲ್ಲಿ ಸಾರಾಭಾಯಿ ಅವರು ತುಂಬಾದ ಕೆಲಸಗಳನ್ನು ನೋಡಲು ಕೇರಳಕ್ಕೆ ಬಂದರು. ಕೋವಳಂನ ಕಡಲ ದಡದ ಅತಿಥಿಗೃಹದಲ್ಲಿ ತಂಗಿದ್ದರು. ೩೦ರ ಬೆಳಿಗ್ಗೆ ಅವರು ಏಳಲಿಲ್ಲ. ನಿದ್ರೆಯಲ್ಲಿಯೇ ಪ್ರಾಣ ಹೋಗಿತ್ತು. ವಯಸ್ಸು ಐವತ್ತೆರಡು.

ಅವರು ಬಿತ್ತಿದುದರ ಫಲವನ್ನು ಕನ್ನಡನಾಡು ಕೂಡಲೇ ಉಂಡಿತು. ೧೯೭೫ರ ಏಪ್ರಿಲ್ ೧೯ರಂದು ಸೋವಿಯತ್ ನೆಲದಿಂದ ಹಾರಿದ ಆರ್ಯಭಟ ಉಪಗ್ರಹವನ್ನು ಯು. ಆರ್. ರಾವ್ ಅವರ ನೇತೃತ್ವದಲ್ಲಿ ಕಟ್ಟಿದ್ದು ಬೆಂಗಳೂರಿನ ಪೀಣ್ಯದಲ್ಲಿ. ಅದರಲ್ಲಿದ್ದ ಮೂರು ಪ್ರಯೋಗಗಳಲ್ಲಿ ಒಂದು ಅಯಾನುಗೋಳಕ್ಕೆ ಸಂಬಂಧಿಸಿದುದು. ವಿದ್ಯುತ್ ಪೂರೈಕೆಯ ದೋಷದಿಂದ ಪ್ರಯೋಗಗಳು ಕೆಲವೇ ದಿನ ನಡೆದುವೆಂಬುದನ್ನೂ ಮರೆಮಾಡಬೇಕಾಗಿಲ್ಲ. ಅದೇ ವರ್ಷದ ಆಗಸ್ಟ್ ೧ರಿಂದ ಒಂದು ವರ್ಷ ಕಾಲ ಆರು ರಾಜ್ಯಗಳ ಸುಮಾರು ೨೪೦೦ ಹಳ್ಳಿಗಳಲ್ಲಿ ಉಪಗ್ರಹ ಟೆಲಿವಿಷನ್ ನಡೆಯಿತು. ನಮ್ಮ ರಾಜ್ಯದಲ್ಲಿ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದಕ್ಕೆ ಸೇರಿದ್ದವು. ಶಾಲೆಯ ಅಂಗಳದಲ್ಲಿ ಹತ್ತು ಅಡಿ ಅಗಲದ ತಂತಿಬಲೆಯ ಕೊಡೆ, ಅದರ ಮುಂದೆ ನೆರೆದ ಊರು. ವಿದ್ಯುತ್ ದೀಪವನ್ನೇ ಆಗ ತಾನೇ ಕಂಡ ಮಂದಿ ಬೇಸಾಯದ, ಆರೋಗ್ಯದ ಮಾತುಗಳನ್ನು ಕನ್ನಡದಲ್ಲಿಯೇ ಕೇಳಿದರು. ಎರವಲು ತಂದ ಅದೇ ಎಟಿಎಸ್-೬ ಉಪಗ್ರಹ ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು. ಅದು ಸೂಸುವ ರೇಡಿಯೋ ಸಂಕೇತಗಳನ್ನು ಉದಕಮಂಡಲದಲ್ಲಿ ಗ್ರಹಿಸಿ, ಅವು ಹಾದು ಬಂದ ಅಯಾನುಗೋಳದಲ್ಲಿ ಎಷ್ಟು ಎಲೆಕ್ಟ್ರಾನುಗಳಿವೆಯೆಂದು ಭೌತ ಸಂಶೋಧನಾಲಯದವರು ಗಳಿಗೆ ಗಳಿಗೆಗೆ ಎಣಿಸಿದರು. ಅಲೆಯೊಂದು ದಾಟಿದಾಗ ಇಂತಹ ಎಣಿಕೆ ಏರಿ ಇಳಿಯುತ್ತದೆ. ಹಳ್ಳಿಯ ಅಂಗಳಕ್ಕೆ ಪಾಠ ಕಳುಹಿದ ಉಪಗ್ರಹವೇ ಮೇಲಣ ಕಡಲಿನ ವರದಿಯನ್ನೂ ಕಳುಹುತ್ತಿತ್ತು.

೧೯೮೦ರ ಫೆಬ್ರವರಿ ೧೬ರ ಮಧ್ಯಾಹ್ನ ಕುಮಟೆಯ ನೆರೆಯ ಅಂಕೋಲೆಯಿಂದ ಹುಬ್ಬಳ್ಳಿ, ರಾಯಚೂರುಗಳವರೆಗೆ ಖಗ್ರಾಸ ಸೂರ್ಯಗ್ರಹಣದ ನೆರಳು ಹರಿಯಿತು. ಚಂದ್ರನ ನೆರಳು ಶಬ್ದಕ್ಕಿಂತ ವೇಗವಾಗಿ ಓಡುವಾಗ, ನೀರನ್ನು ಸೀಳುವ ದೋಣಿಯ ಮೂತಿಯಿಂದ ಅಲೆಗಳು ಹೊರಡುವಂತೆ, ತಣಿದ ಗಾಳಿಯಿಂದ ಅಯಾನುಗೋಳದಲ್ಲಿಯೂ ಅಲೆಗಳು ಹೊರಡಬೇಕೆಂದು ಹೈನ್ಸ್ಮತ್ತು ಸಂಗಡಿಗರು ೧೯೭೦ರಲ್ಲಿಯೇ ಊಹಿಸಿದ್ದರು. ಮನೆಯ ಬಾಗಿಲು ಮುಚ್ಚಿ ಜನ ಒಳಗೆ ಕುಳಿತ ಆ ಗಳಿಗೆಯಲ್ಲಿ ಸಾರಾಭಾಯಿ ಅವರ ಸಂಶೋಧನಾಲಯದ ವಿಜ್ಞಾನಿಗಳು ಎಲೆಕ್ಟ್ರಾನುಗಳನ್ನು ಎಣಿಸುತ್ತಿದ್ದರು.

ಇಂದು ರೇಡಿಯೋ ಸಿಲೋನಿಗೆ ಕಿವಿಗೊಡುವವರು ವಿರಳ. ಆದರೆ ಹೊನ್ನಾವರ ಭಟ್ಕಳಗಳಿಂದ ಕಡಲಿಗಿಳಿಯುವ ಯಂತ್ರದೋಣಿಗಳಲ್ಲಿ ಜಿಪಿಎಸ್ ಇದೆ. ಅದರ ಸಂಕೇತವೂ ಅಯಾನುಗೋಳವನ್ನು ಹಾದೇ ಬರಬೇಕು, ಹಾಯುವಾಗ ತಡವಾಗುತ್ತದೆ, ತಡವಾದಷ್ಟು ಸ್ಥಾನದ ಲೆಕ್ಕ ತಪ್ಪುತ್ತದೆ. ವಿಮಾನಗಳಿಗೆ ದಾರಿ ತೋರುವ ನಮ್ಮ ಗಗನ್ ವ್ಯವಸ್ಥೆ ಈ ತಪ್ಪನ್ನು ತಿದ್ದಿ ಕಳುಹಿಸುತ್ತದೆ. ೨೦೨೨ರ ಜನವರಿ ೧೫ರಂದು ಶಾಂತಸಾಗರದ ಟೋಂಗಾದಲ್ಲಿ ಸಿಡಿದ ಜ್ವಾಲಾಮುಖಿಯ ಅಲೆ ಅಯಾನುಗೋಳದಲ್ಲಿ ಇಡೀ ಭೂಮಿಯನ್ನು ಸುತ್ತಿದುದನ್ನು ಜಗತ್ತಿನ ವಿಜ್ಞಾನಿಗಳು ಕಂಡುಕೊಂಡದ್ದು ಇಂತಹ ಜಿಪಿಎಸ್ ಗ್ರಾಹಕಗಳಿಂದಲೇ.

ತುಂಬಾದ ಹಳೆಯ ಇಗರ್ಜಿ ಈಗ ಅಂತರಿಕ್ಷ ಸಂಗ್ರಹಾಲಯ. ಅದರ ಸುತ್ತ ಬೆಳೆದ ಕೇಂದ್ರಕ್ಕೆ ಸಾರಾಭಾಯಿ ಅವರ ಹೆಸರಿದೆ. ೨೦೨೩ರ ಆಗಸ್ಟ್ ೨೩ರಂದು ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿದ ನೌಕೆಗೂ ವಿಕ್ರಮ್ ಎಂದೇ ಹೆಸರು. ಅದರ ಮೈಮೇಲೆ ತಿರುವನಂತಪುರದ ಆ ಕೇಂದ್ರದಲ್ಲಿ ಸಿದ್ಧವಾದ ಲ್ಯಾಂಗ್ಮ್ಯೂರ್ ಶೋಧಕವೊಂದಿತ್ತು. ತುಂಬಾದ ಮರಳಿನಿಂದ ಹಾರಿಸುತ್ತಿದ್ದ ಶೋಧಕಗಳ ಜಾತಿಯದೇ ಆದ ಅದು ಚಂದ್ರನ ನೆಲದ ಮೇಲಣ ಎಲೆಕ್ಟ್ರಾನುಗಳನ್ನು ಎಣಿಸಿ ಭೂಮಿಗೆ ಕಳುಹಿಸಿತು.